ಬಿದ್ದಿದ್ದು ಒಂದ್ಸಲ, ಕೂರಿಸಿದ್ದು ಮೂರು ತಿಂಗಳು: ಸಾಗರ ಕಡೆಯ ಒಬ್ಬ ಅಮ್ಮನ ಪ್ರಕರಣ

ಈ ಕೇಸಲ್ಲಿರೋ ಅಮ್ಮನಿಗೆ 73 ವರ್ಷ. ಸಾಗರದ ಹತ್ರ ಒಂದು ಹಳ್ಳಿ, ಹಳೇ ಹೆಂಚಿನ ಮನೆ, ಸ್ವಲ್ಪ ಅಡಿಕೆ ತೋಟ, ಮನೇಲಿ ಮಗ ಸೊಸೆ, ಹೈಸ್ಕೂಲಿಗೆ ಹೋಗೋ ಮೊಮ್ಮಗಳು, ಮಗಳೊಬ್ಬಳು ಬೆಂಗಳೂರಲ್ಲಿ. ಯಜಮಾನ್ರು ಹೋಗಿ ಆರು ವರ್ಷ ಆಗಿದೆ. ಶುಗರ್ ಇದೆ, ಬಿಪಿ ಇದೆ, ಎರಡರ ಮಾತ್ರೆನೂ ಒಂದಿನ ತಪ್ಪಿಸಲ್ಲ. ತೂಕ 46 ಕೆಜಿ. ನಾನು ಶಿವಮೊಗ್ಗದಲ್ಲಿ ಫಿಸಿಯೋಥೆರಪಿಸ್ಟ್, ಇವ್ರು ನನ್ನ ಹತ್ರ ಬಂದಿದ್ದು ಬಲಗೈ ಮಣಿಕಟ್ಟು ಬಗ್ಗಲ್ಲ ಅಂತ. ಮನೆಯವರನ್ನ ಕೇಳಿ ಒಪ್ಪಿಗೆ ತಗೊಂಡೇ ಬರೀತಿದೀನಿ, ಗುರುತು ಸಿಗೋ ಒಂದೆರಡು ವಿವರ ಬದಲಾಯಿಸಿದೀನಿ.

ಬಿದ್ದಿದ್ದು ಜುಲೈ ಕೊನೇಲಿ, ಆ ಕಡೆ ಮಳೆ ಹಿಡಿದ್ರೆ ವಾರಗಟ್ಲೆ ಬಿಡಲ್ಲ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಮೂತ್ರಕ್ಕೆ ಅಂತ ಎದ್ರು, ಆ ರಾತ್ರಿ ಅದು ಮೂರನೇ ಸಲ. ಕರೆಂಟ್ ಇಲ್ಲ. ಟಾರ್ಚು ಮೊಮ್ಮಗಳ ರೂಮಲ್ಲಿತ್ತು, ಪಾಪ ಓದಿ ಮಲಗಿದೆ ಮಗು ಎಬ್ಬಿಸೋದು ಯಾಕೆ ಅಂತ ಕತ್ತಲಲ್ಲೇ ಹೊರಟ್ರು. ಹಿತ್ಲು ಬಾಗಿಲು ದಾಟಿದ್ರೆ ನಾಲ್ಕು ಹೆಜ್ಜೆ ತೆರೆದ ಜಾಗ, ಆಮೇಲೆ ಬಚ್ಚಲು, ಆ ನಾಲ್ಕು ಹೆಜ್ಜೆ ಸಿಮೆಂಟ್ ನೆಲಕ್ಕೆ ಪಾಚಿ ಕಟ್ಟಿತ್ತು. ಕಾಲಲ್ಲಿ ಅಡಿ ಸವೆದು ನುಣ್ಣಗಾಗಿದ್ದ ಹವಾಯಿ ಚಪ್ಪಲಿ. ಬಚ್ಚಲಿನ ಮೆಟ್ಲ ಹತ್ರ ಜಾರಿ, ಬಲಗೈ ಊರಿ ಬಿದ್ರು. ಕೂಗಿದ್ರು, ಹೆಂಚಿನ ಮೇಲೆ ಬೀಳೋ ಮಳೆ ಸದ್ದಿಗೆ ಒಳಗಡೆ ಯಾರಿಗೂ ಕೇಳ್ಲಿಲ್ಲ. ಸೊಸೆ ಐದು ಗಂಟೆಗೆ ಹಾಲು ಕರೆಯೋಕೆ ಅಂತ ಎದ್ದು ಬಂದಾಗ್ಲೇ ಗೊತ್ತಾಗಿದ್ದು, ಅಲ್ಲಿ ತನಕ ಒದ್ದೆ ಸೀರೇಲಿ ನೆಲದ ಮೇಲೇ ಇದ್ರು.

ಮಣಿಕಟ್ಟಿನ ಹತ್ರ ಮೂಳೆ ಮುರಿದಿತ್ತು. ಬೀಳುವಾಗ ಕೈ ಊರಿದ್ರೆ ಆಗೋ ಮಾಮೂಲಿ ಮುರಿತ ಇದು, 1814ರಲ್ಲಿ ಡಬ್ಲಿನ್‌ನ ಅಬ್ರಹಾಂ ಕೋಲೆಸ್ ಅನ್ನೋ ಸರ್ಜನ್ ಇದನ್ನ ವಿವರಿಸಿ ಬರೆದಿದ್ದಕ್ಕೆ ಇವತ್ತಿಗೂ ಅವರ ಹೆಸರಲ್ಲೇ ಕರೀತಾರೆ. ಎಳೆದು ಸರಿಮಾಡಿ ಆರು ವಾರ ಪ್ಲಾಸ್ಟರ್ ಹಾಕಿದ್ರು, ಮೂಳೆ ಚೆನ್ನಾಗೇ ಕೂಡ್ತು. ಆಸ್ಪತ್ರೆ ಫೈಲಲ್ಲಿ ಬರೆದಿದ್ದು ಒಂದೇ ಸಾಲು, ಬಚ್ಚಲಲ್ಲಿ ಜಾರಿ ಬಿದ್ದಿದಾರೆ ಅಂತ. ಮನೆಯವ್ರು ಹೇಳಿದ್ದೂ ಅಷ್ಟೇ, ವಯಸ್ಸಾಯ್ತಲ್ಲ ಮೇಡಂ.

ಆದ್ರೆ ನನಗೆ ಕೈಗಿಂತ ಜಾಸ್ತಿ ಚಿಂತೆ ಆಗಿದ್ದು ಅವ್ರು ಕುರ್ಚಿಯಿಂದ ಎದ್ದ ರೀತಿ ನೋಡಿ. ಎಡಗೈಯಲ್ಲಿ ನನ್ನ ಟೇಬಲ್ ಅಂಚು ಹಿಡಿದು, ಮುಂದೆ ಹಿಂದೆ ತೂಗಿ, ಮೂರನೇ ಪ್ರಯತ್ನಕ್ಕೆ ಎದ್ರು, ಪಕ್ಕದಲ್ಲಿ ಸೊಸೆ ತೋಳು ಹಿಡಿದೇ ಇದ್ರು. ಅಕ್ಟೋಬರ್ ಕೊನೆ ಅದು, ಬಿದ್ದು ಮೂರು ತಿಂಗಳಾಗಿತ್ತು. ಬೀಳೋಕೆ ಮುಂಚೆ ಹೇಗಿದ್ರಿ ಅಂತ ಕೇಳಿದೆ. ಬೆಳಿಗ್ಗೆ ಎದ್ದು ಹೂ ಕೊಯ್ತಿದ್ರು, ದನಕ್ಕೆ ಹುಲ್ಲು ಹಾಕ್ತಿದ್ರು, ಅಡಿಕೆ ಸುಲಿಯೋ ಕಾಲದಲ್ಲಿ ಮೆಟ್ಟುಗತ್ತಿ ಮುಂದೆ ಗಂಟೆಗಟ್ಲೆ ಕೂರ್ತಿದ್ರು, ನೆಲದ ಮೇಲೆ ಕೂತು ಊಟ ಮಾಡಿ ತಾವೇ ಎದ್ದು ಎಲೆ ತೆಗೀತಿದ್ರು. ಈಗ? "ಈಗ ಎಂತದೂ ಇಲ್ಲ ತಂಗೀ, ಕೂತ್ಕೊಂಡಿರೋದೇ ಕೆಲ್ಸ."

ಯಾರೂ ಕೆಟ್ಟವರಲ್ಲ ಈ ಮನೇಲಿ. ಸೊಸೆ "ಅತ್ತೆ ನೀವು ಏನೂ ಮಾಡ್ಬೇಡಿ ನಾನಿದೀನಲ್ಲ" ಅಂತಾರೆ, ಮಗ "ಅಮ್ಮ ನೀನು ಸುಮ್ನೆ ಕೂತ್ಕ" ಅಂತಾನೆ, ಬೆಂಗಳೂರಿನ ಮಗಳು ದಿನಾ ಫೋನ್ ಮಾಡಿ ಇವತ್ತು ಎಲ್ಲೂ ಓಡಾಡ್ಲಿಲ್ಲ ತಾನೇ ಅಂತ ಕೇಳ್ತಾರೆ. ಎಲ್ಲಾ ಪ್ರೀತಿಯಿಂದಲೇ. ಬಾತ್‌ರೂಮಿಗೆ ಹೋಗೋವಾಗ್ಲೂ ಯಾರಾದ್ರೂ ಕೈ ಹಿಡೀತಿದ್ರು, ನೀರಿನ ಲೋಟ ಕೂತಲ್ಲಿಗೇ ಬರ್ತಿತ್ತು. ಕೈ ಮುರಿದ್ರೆ ಕಾಲನ್ನ ಯಾಕೆ ಕೂರಿಸ್ಬೇಕು ಅಂತ ಯಾರೂ ಯೋಚನೆ ಮಾಡಿರ್ಲಿಲ್ಲ. ಆರೋಗ್ಯವಾಗಿದ್ದ ವಯಸ್ಸಾದವರನ್ನೇ ಹತ್ತು ದಿನ ಹಾಸಿಗೇಲಿ ಇಟ್ಟು ಅಳೆದ ಒಂದು ಅಮೆರಿಕನ್ ಅಧ್ಯಯನ 2007ರಲ್ಲಿ ಬಂತು, ಬರೀ ಕಾಲುಗಳಿಂದಲೇ ಒಂದು ಕೆಜಿ ಹತ್ರ ಮಾಂಸಖಂಡ ಕರಗಿತ್ತು. ಅದು ಹತ್ತೇ ದಿನ. ಇವ್ರು ಹಾಸಿಗೇಲಿ ಇರ್ಲಿಲ್ಲ ನಿಜ, ಆದ್ರೆ 46 ಕೆಜಿ ದೇಹಕ್ಕೆ ಮೂರು ತಿಂಗಳ ಕುರ್ಚಿ ಏನು ಮಾಡಿರ್ಬೋದು ಅಂತ ಅಂದಾಜು ಮಾಡಿ. ನನ್ನ ಪ್ರಕಾರ ಈ ಕೇಸಲ್ಲಿ ಮೊದಲನೇ ಪೆಟ್ಟು ಮಣಿಕಟ್ಟಿಗೆ ಬಿದ್ದಿದ್ದು, ಎರಡನೇದು ಮತ್ತು ದೊಡ್ಡದು ಈ ಕೂರಿಸಿದ್ದು.

ಪರೀಕ್ಷೆ ಮಾಡಿದ್ದು ಹೇಳ್ತೀನಿ, ಇದಕ್ಕೆ ಮಷಿನ್ ಏನೂ ಬೇಡ, ಗಡಿಯಾರ ಮತ್ತು ಕುರ್ಚಿ ಸಾಕು. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ತಿರುಗಿ ವಾಪಸ್ ಬಂದು ಕೂರೋಕೆ ಎಷ್ಟು ಹೊತ್ತು ಅನ್ನೋದು ಒಂದು, 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಆದ್ರೆ ಬೀಳೋ ಅಪಾಯ ಇದೆ ಅಂತ ಲೆಕ್ಕ, ಇವರಿಗೆ 21 ಸೆಕೆಂಡ್ ಬೇಕಾಯ್ತು. ಕೈಯನ್ನ ಎದೆ ಮೇಲೆ ಕಟ್ಕೊಂಡು 30 ಸೆಕೆಂಡಲ್ಲಿ ಎಷ್ಟು ಸಲ ಎದ್ದು ಕೂರ್ತಾರೆ ಅನ್ನೋದು ಇನ್ನೊಂದು, ಈ ವಯಸ್ಸಿನ ಹೆಂಗಸರಿಗೆ ಹತ್ತಕ್ಕಿಂತ ಕಮ್ಮಿ ಆದ್ರೆ ಕಾಲಲ್ಲಿ ಶಕ್ತಿ ಸಾಲ್ದು ಅಂತ ಅರ್ಥ. ಇವ್ರು ಕೈ ಕಟ್ಕೊಂಡು ಒಂದ್ಸಲವೂ ಏಳೋಕಾಗ್ಲಿಲ್ಲ, ಕೈ ಊರಿಕೊಳ್ಳೋಕೆ ಬಿಟ್ಟಾಗ ನಾಲ್ಕು. ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗೋ ಹಾಗೆ ಮುಂದೆ ಹಿಂದೆ ಇಟ್ಟು ನಿಲ್ಲೋದು 10 ಸೆಕೆಂಡ್ ಆಗ್ಬೇಕು, ಇವರಿಗೆ ಮೂರು. ಮಲಗಿಸಿ ಬಿಪಿ ನೋಡಿದೆ 138/80, ಎದ್ದು ನಿಂತು ಒಂದು ನಿಮಿಷಕ್ಕೆ ಮತ್ತೆ ನೋಡಿದೆ 112/70. ನಿಂತ ಮೂರು ನಿಮಿಷದ ಒಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದ್ರೆ ಅದು ಗಮನಿಸಬೇಕಾದ್ದು, ಇವರಿಗೆ ಎರಡೂ ಇಳೀತು. ಕೂತು ನೋಡಿದ ಬಿಪಿ ಮಾತ್ರ ಬುಕ್ಕಲ್ಲಿ ಯಾವಾಗ್ಲೂ ಚೆನ್ನಾಗಿತ್ತು, ನಿಲ್ಲಿಸಿ ಯಾರೂ ನೋಡಿರ್ಲಿಲ್ಲ. ಪಾದಕ್ಕೆ ನೈಲಾನ್ ದಾರ ಮುಟ್ಟಿಸಿ ಕೇಳಿದ್ರೆ ಹೆಬ್ಬೆರಳಲ್ಲಿ, ಪಾದದ ಮುಂಭಾಗದಲ್ಲಿ ಏನೂ ಗೊತ್ತಾಗ್ತಿರ್ಲಿಲ್ಲ. "ಹತ್ತಿ ಮೇಲೆ ನಡೆದಂಗೆ ಆಗತ್ತೆ, ಶುಗರ್ ಇದ್ದೋರಿಗೆ ಅದು ಇದ್ದಿದ್ದೇ ಅಲ್ವಾ" ಅಂದ್ರು.

ಇಲ್ಲಿ ಸ್ವಲ್ಪ ನಿಂತು ಹೇಳ್ಬೇಕು. ನಾವು ನೆಟ್ಟಗೆ ನಿಲ್ಲೋದು ಮೂರು ಕಡೆಯಿಂದ ಬರೋ ಸುದ್ದಿ ನಂಬಿ, ಕಣ್ಣು, ಒಳಗಿವಿ, ಮತ್ತೆ ಪಾದ ಕೀಲುಗಳಿಂದ ಬರೋ ಸ್ಪರ್ಶ. ಒಂದು ಕೈಕೊಟ್ರೆ ಉಳಿದೆರಡು ಸುಧಾರಿಸ್ತವೆ. ಈ ಅಮ್ಮನಿಗೆ ಪಾದದ ಸುದ್ದಿ ಯಾವಾಗ್ಲೋ ಅರ್ಧ ನಿಂತಿತ್ತು, ಎರಡೂ ಕಣ್ಣಲ್ಲಿ ಪೊರೆ, ಆದ್ರೂ ಹಗಲು ಹೊತ್ತು ಹೇಗೋ ನಡೀತಿತ್ತು. ಕರೆಂಟ್ ಹೋದ ರಾತ್ರಿ ಕಣ್ಣೂ ಹೋಯ್ತು. ಅದಕ್ಕೇ ಬೆಳಕಿನ ವಿಷಯ ನಾನು ಎಲ್ಲರ ಮನೇಲೂ ಮೊದಲು ಕೇಳೋದು, ಶುಗರ್ ಇರೋರ ಮನೇಲಂತೂ ಇನ್ನೂ ಒತ್ತಿ ಕೇಳ್ತೀನಿ.

ಮುಂದಿನ ಸಲ ಬರುವಾಗ ಮನೇಲಿರೋ ಅಷ್ಟೂ ಮಾತ್ರೆ ತನ್ನಿ ಅಂದಿದ್ದೆ, ಒಂದು ಕವರ್ ತುಂಬ ತಂದ್ರು. ಶುಗರಿಗೆ ಮೆಟ್‌ಫಾರ್ಮಿನ್, ವರ್ಷಗಳಿಂದ. ಬಿಪಿಗೆ ಒಂದು ಮಾತ್ರೆ, ಅದರಲ್ಲೇ ಮೂತ್ರ ಜಾಸ್ತಿ ಹೋಗೋ ಔಷಧನೂ ಸೇರಿತ್ತು, ತಗೋತಿದ್ದಿದ್ದು ರಾತ್ರಿ ಊಟ ಆದ್ಮೇಲೆ. ರಾತ್ರಿ ಮೂರು ಸಲ ಏಳೋಕೆ ಒಂದು ಕಾರಣ ಅಲ್ಲೇ ಸಿಕ್ತು. ಕ್ಲೋನಾಜೆಪಾಮ್ 0.5, ಯಜಮಾನ್ರು ತೀರಿಕೊಂಡಾಗ ನಿದ್ದೆ ಬರ್ಲಿ ಅಂತ ಕೆಲವು ವಾರಕ್ಕೆ ಕೊಟ್ಟಿದ್ದು, ಅದೇ ಹಳೇ ಚೀಟಿ ತೋರಿಸಿ ಆರು ವರ್ಷದಿಂದ ತರಿಸ್ತಾನೇ ಇದ್ರು. ಆಮೇಲೆ ಸಿನ್ನಾರಿಜಿನ್, ತಲೆಸುತ್ತು ಅಂದಾಗ ಮೆಡಿಕಲ್‌ನಲ್ಲಿ ಕೊಟ್ಟಿದ್ದು, ಈಗ ದಿನಾ ಎರಡು. ವಯಸ್ಸಾದವರು ಇದನ್ನ ತುಂಬ ಕಾಲ ತಗೊಂಡ್ರೆ ಕೈಕಾಲು ನಿಧಾನ ಆಗಿ, ನಡಿಗೆ ಬಿಗಿಯಾಗಿ, ಪಾರ್ಕಿನ್ಸನ್ ಕಾಯಿಲೆ ತರದ್ದೇ ಲಕ್ಷಣ ಬರಬಹುದು. ಅಂದ್ರೆ ಎದ್ದಾಗ ಬಿಪಿ ಇಳಿದು ತಲೆಸುತ್ತು, ಆ ತಲೆಸುತ್ತಿಗೆ ಅಂತ ನಡಿಗೆ ಕೆಡಿಸೋ ಮಾತ್ರೆ. ಹಾಸಿಗೇಲಿ ಹೊರಳಿದಾಗ ಸುತ್ತು ಬರತ್ತಾ ಅಂತಾನೂ ನೋಡಿದೆ, ಒಳಗಿವಿಯ ಹರಳು ಜಾರಿದ್ರೆ ಹಾಗಾಗತ್ತೆ, ಅದು ಇರ್ಲಿಲ್ಲ.

ಮಾತ್ರೆ ನಿಲ್ಲಿಸೋದು ನನ್ನ ಕೆಲ್ಸ ಅಲ್ಲ, ಮನೆಯವರೂ ತಾವಾಗಿ ನಿಲ್ಲಿಸಬಾರದು, ಅದರಲ್ಲೂ ಕ್ಲೋನಾಜೆಪಾಮ್ ಥರದ್ದು ಒಮ್ಮೆಲೇ ಬಿಟ್ರೆ ನಿದ್ದೆ ಪೂರ್ತಿ ಕೆಡೋದು, ಚಡಪಡಿಕೆ, ಕೆಲವರಿಗೆ ಫಿಟ್ಸ್ ತನಕ ಹೋಗತ್ತೆ. ನಾನು ನೋಡಿದ್ದೆಲ್ಲ ಒಂದು ಹಾಳೇಲಿ ಬರೆದು, ನಿಂತಾಗಿನ ಬಿಪಿನೂ ಬರೆದು, ಅವರ ಡಾಕ್ಟ್ರಿಗೆ ಕಳಿಸಿದೆ. ಅವ್ರು ನಿಜಕ್ಕೂ ಕೂತು ನೋಡಿದ್ರು. ಬಿಪಿ ಮಾತ್ರೆ ಬದಲಾಯಿಸಿ ಬೆಳಿಗ್ಗೆಗೆ ಹಾಕಿದ್ರು, ತಲೆಸುತ್ತಿನ ಮಾತ್ರೆ ನಿಲ್ಲಿಸಿದ್ರು, ನಿದ್ದೆ ಮಾತ್ರೆನ ತಿಂಗಳುಗಳ ಮೇಲೆ ಸ್ವಲ್ಪ ಸ್ವಲ್ಪವಾಗಿ ಇಳಿಸೋ ಪಟ್ಟಿ ಬರೆದು ಕೊಟ್ರು. ರಕ್ತ ಪರೀಕ್ಷೇಲಿ ಬಿ12 ತುಂಬ ಕಮ್ಮಿ ಬಂತು, ಆಶ್ಚರ್ಯ ಇಲ್ಲ, ಮೊಟ್ಟೆ ಮಾಂಸ ತಿನ್ನದ ಮನೆ, ಮೇಲಿಂದ ವರ್ಷಗಟ್ಲೆ ಮೆಟ್‌ಫಾರ್ಮಿನ್, ಅದೂ ಬಿ12 ತಗ್ಗಿಸತ್ತೆ. ಪಾದ ಜೋಮು ಹಿಡಿಯೋದು ಎಲ್ಲಾ ಶುಗರಿಂದಲೇ ಅಂತ ಕೈಚೆಲ್ಲಬಾರದು ಅನ್ನೋದು ಇದಕ್ಕೆ, ಬಿ12 ಪಾಲು ಇದ್ರೆ ಇಂಜೆಕ್ಷನ್ ಕೊಟ್ಟು ಸರಿಮಾಡೋಕೆ ಅವಕಾಶ ಇರತ್ತೆ. ವಿಟಮಿನ್ ಡಿನೂ ಕಮ್ಮಿ ಇತ್ತು, ವಾರಕ್ಕೊಂದು 60,000 ಯೂನಿಟ್ಟಿನ ಪುಡಿ ಇಷ್ಟೇ ವಾರ ಅಂತ ಬರೆದ್ರು. ಒಳ್ಳೇದು ಅಂತ ಅದನ್ನ ಲೆಕ್ಕ ಇಲ್ದೆ ತಗೊಳ್ಳೋರಿದಾರೆ, ಹಾಗೆ ಮಾಡ್ಬೇಡಿ. ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಹೆಂಗಸರಿಗೆ ವರ್ಷಕ್ಕೊಂದೇ ಸಲ 5 ಲಕ್ಷ ಯೂನಿಟ್ ಕೊಟ್ಟು ನೋಡಿದಾಗ ಬೀಳೋದು, ಮೂಳೆ ಮುರಿಯೋದು ಎರಡೂ ಜಾಸ್ತಿ ಆಯ್ತು, 2010ರಲ್ಲಿ ಆ ಫಲಿತಾಂಶ ಬಂತು.

ಮೂಳೆ ಸಾಂದ್ರತೆ ಸ್ಕ್ಯಾನ್ ಮಾಡಿಸಿದ್ರು, ಟಿ ಸ್ಕೋರ್, ಅಂದ್ರೆ ಆರೋಗ್ಯವಾಗಿರೋ ಯುವಜನರ ಮೂಳೆಗೆ ಹೋಲಿಸಿ ಕೊಡೋ ಅಂಕ, ಮೈನಸ್ 2.9. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬಂದ್ರೆ ಮೂಳೆ ಸವೆತ, ಆಸ್ಟಿಯೋಪೊರೋಸಿಸ್. ನನ್ನನ್ನ ಕೇಳಿದ್ರೆ ಇದು ಪ್ಲಾಸ್ಟರ್ ಬಿಚ್ಚೋ ದಿನವೇ ಆಗಬೇಕಿದ್ದ ಪರೀಕ್ಷೆ. ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿದ 73ರ ಹೆಂಗಸಿಗೆ ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡದೇ ಮನೆಗೆ ಕಳಿಸಿದ್ರೆ, ಮುಂದಿನದು ಸೊಂಟದ ಮುರಿತ ಆಗೋ ತನಕ ಕಾಯ್ದ ಹಾಗೆ. ಮೂಳೆ ಸವೆತ ತಡೆಯೋಕೆ ವಾರಕ್ಕೊಂದು ಅಲೆಂಡ್ರೊನೇಟ್ 70 ಮಾತ್ರೆ ಬರೆದ್ರು. ಅದನ್ನ ತಗೊಳ್ಳೋ ಕ್ರಮ ಮನೇಲಿ ಎಲ್ಲರಿಗೂ ಹೇಳಿಕೊಟ್ವಿ, ಬೆಳಿಗ್ಗೆ ಖಾಲಿ ಹೊಟ್ಟೇಲಿ, ತುಂಬ ಲೋಟ ಬರೀ ನೀರಲ್ಲಿ, ಆಮೇಲೆ ಅರ್ಧ ಗಂಟೆ ಮಲಗೋ ಹಾಗಿಲ್ಲ, ಕಾಫಿ ತಿಂಡಿ ಎಲ್ಲಾ ಅದಾದ್ಮೇಲೇ. ಮಲಗಿಬಿಟ್ರೆ ಮಾತ್ರೆ ಅನ್ನನಾಳದಲ್ಲಿ ನಿಂತು ಹುಣ್ಣು ಮಾಡತ್ತೆ.

ಆಮೇಲೆ ಮನೆ ನೋಡೋಕೆ ಹೋದೆ. ಕೇಸು ಅರ್ಥ ಆಗೋದೇ ಮನೆ ನೋಡಿದ್ಮೇಲೆ. ಮಂಚದಿಂದ ಬಚ್ಚಲಿಗೆ ಅವ್ರು ರಾತ್ರಿ ನಡೆಯೋ ದಾರೀನ ಅವರ ಹಿಂದೇನೇ ನಡೆದೆ, ಲೈಟ್ ಆಫ್ ಮಾಡಿಸಿ. ಮಂಚದ ಪಕ್ಕ ಸ್ವಿಚ್ಚಿಲ್ಲ. ಮಂಚದ ಮುಂದೆ ಹಳೇ ಸೀರೆ ಮಡಚಿ ಹಾಕಿದ ಕಾಲೊರೆಸು, ಮುಟ್ಟಿದ್ರೆ ಜಾರತ್ತೆ. ನಡುಮನೆ ಹೊಸ್ತಿಲು ಎತ್ತರ, ಆದ್ರೆ ಅಲ್ಲಿ ಅವ್ರು ಎಂದೂ ಎಡವಿಲ್ಲ, ಯಾಕಂದ್ರೆ ಪ್ರತಿ ಶುಕ್ರವಾರ ಅರಿಶಿನ ಬಳೀತಾರೆ, ಮಬ್ಬು ಬೆಳಕಲ್ಲೂ ಹಳದಿ ಎದ್ದು ಕಾಣತ್ತೆ. ಹಿತ್ಲ ಮೆಟ್ಲು, ಬಚ್ಚಲಿನ ಮೆಟ್ಲು ಎರಡೂ ನೆಲದ ಬಣ್ಣವೇ, ಎಲ್ಲಿ ಶುರು ಎಲ್ಲಿ ಮುಗೀತು ಗೊತ್ತಾಗಲ್ಲ. ಮೆಟ್ಲ ಅಂಚಿಗೆ ಎರಡು ಇಂಚು ಹಳದಿ ಪೇಂಟ್ ಹೊಡೆಸಿ ಅಂತ ಅಲ್ಲೇ ಹೇಳಿದೆ, ಮಗ ಮರುದಿನ ಹೊಡೆದೇ ಬಿಟ್ರು.

ಮಗ ಆಗ್ಲೇ ಎರಡೂವರೆ ಮೂರು ಲಕ್ಷದ ಹೊಸ ಬಾತ್‌ರೂಮಿನ ಎಸ್ಟಿಮೇಟ್ ಮಾಡಿಸಿದ್ರು, ಪೂರ್ತಿ ಹೊಳೆಯೋ ಟೈಲ್ಸ್. ಒಳಗಡೆಯಿಂದಲೇ ಬಾಗಿಲಿರೋ ಬಾತ್‌ರೂಮ್ ಆದ್ರೆ ಒಳ್ಳೇದೇ, ದುಡ್ಡಾದಾಗ ಮಾಡಿಸಿ, ಆದ್ರೆ ಹೊಳೆಯೋ ಟೈಲ್ಸ್ ಬೇಡವೇ ಬೇಡ ಅಂದೆ, ಅದಕ್ಕಿಂತ ಈಗಿನ ಒರಟು ಕಲ್ಲೇ ವಾಸಿ. ಈಗ ಸದ್ಯಕ್ಕೆ ಮಾಡಿದ್ದು ಇಷ್ಟು. ಹಿತ್ಲ ನಾಲ್ಕು ಹೆಜ್ಜೆಗೆ ಮೇಲೆ ಶೀಟ್ ಹೊದಿಸಿದ್ರು, ಕೆಳಗೆ ಬ್ಲೀಚಿಂಗ್ ಪೌಡರ್ ಹಾಕಿ ತೆಂಗಿನ ಪೊರಕೇಲಿ ಪಾಚಿ ತಿಕ್ಕಿ ತೆಗೆದ್ರು, ಮಳೆಗಾಲದಲ್ಲಿ ಇದನ್ನ ವಾರವಾರ ಮಾಡ್ಬೇಕು. ಅಂಗಳಕ್ಕೆ ಮಳೆಗಾಲದಲ್ಲಿ ಅಡಿಕೆ ಸೋಗೆ ಹಾಸೋದು ನಮ್ಮ ಕಡೆ ಹಿಂದಿನಿಂದ ಬಂದ ಅಭ್ಯಾಸ, ಜಾರಬಾರದು ಅಂತಲೇ ಅದು, ಈ ಮನೇಲಿ ಆಳು ಸಿಗಲ್ಲ ಅಂತ ಬಿಟ್ಟಿದ್ರು, ಮತ್ತೆ ಶುರು ಮಾಡಿದಾರೆ. ಬಚ್ಚಲ ಗೋಡೆಗೆ ಸ್ಟೀಲಿನ ಹಿಡಿ ಎರಡು, ಒಂದು ಮೆಟ್ಲ ಪಕ್ಕ ಒಂದು ಕೂರೋ ಜಾಗದಲ್ಲಿ, ಗೋಡೆ ಒಳಗೆ ಬೋಲ್ಟ್ ಹಾಕಿ ಕೂರಿಸಿದ್ದು. ಗೋಡೆಗೆ ಅಂಟಿಸೋ ಪ್ಲಾಸ್ಟಿಕ್ ಹಿಡಿ ಮಾರ್ತಾರೆ, ಭಾರ ಬಿಟ್ಟಾಗಲೇ ಕಿತ್ಕೊಂಡು ಬರತ್ತೆ, ತಗೋಬೇಡಿ, ಹಾಗೇ ಟವೆಲ್ ಹಾಕೋ ಕಂಬಿನೂ ಹಿಡ್ಕೊಳ್ಳೋಕಲ್ಲ. ಕರೆಂಟ್ ಹೋದ್ರೂ ಉರಿಯೋ ರೀಚಾರ್ಜ್ ಬಲ್ಬು ಮೂರು, ಮಂಚದ ಹತ್ರ, ಹಿತ್ಲ ಬಾಗಿಲಲ್ಲಿ, ಬಚ್ಚಲಲ್ಲಿ. ದಿಂಬಿನ ಪಕ್ಕ ಅವರದ್ದೇ ಒಂದು ಟಾರ್ಚು. ಹವಾಯಿ ಚಪ್ಪಲಿ ಬಿಸಾಕಿ, ಹಿಮ್ಮಡಿಗೆ ಪಟ್ಟಿ ಇರೋ, ಅಡಿ ಗೀರುಗೀರಾಗಿರೋ ಚಪ್ಪಲಿ. ಮತ್ತೆ ಬಾಗಿಲಿಗೆ ಹಾಕೋ ವೈರ್ ಇಲ್ಲದ ಕಾಲಿಂಗ್ ಬೆಲ್ ಇದೆಯಲ್ಲ, ಅದರ ಬಟನ್ನನ್ನ ಬಚ್ಚಲಲ್ಲಿ ನೆಲದಿಂದ ಒಂದಡಿ ಎತ್ತರಕ್ಕೆ ಅಂಟಿಸಿದ್ವಿ, ಬಿದ್ದೋರಿಗೆ ಎಟುಕೋದು ಅಲ್ಲಿ, ಮೇಲೆ ಅಲ್ಲ. ಬೆಲ್ಲು ಮಗ ಸೊಸೆ ರೂಮಲ್ಲಿ. ಎಲ್ಲಾ ಸೇರಿ ಹೊಸ ಬಾತ್‌ರೂಮಿನ ಎಸ್ಟಿಮೇಟ್‌ಗೆ ಹೋಲಿಸಿದ್ರೆ ಏನೂ ಅಲ್ಲ.

ದೀಪಾವಳಿ ಎದುರಿಗಿತ್ತು, ಎಣ್ಣೆ ಸ್ನಾನ ಬಿಡೋಕೆ ಅಮ್ಮ ಸುತಾರಾಂ ಒಪ್ಲಿಲ್ಲ, ನಾನೂ ಬಿಡಿ ಅನ್ಲಿಲ್ಲ. ಎಣ್ಣೆ ಹಚ್ಚೋದು ಬಚ್ಚಲಲ್ಲೇ, ಹಿಡಿ ಪಕ್ಕದ ಸ್ಟೂಲಲ್ಲಿ ಕೂತು, ಅಂಗಾಲಿಗೆ ಎಣ್ಣೆ ಬೇಡ, ಏಳೋಕೆ ಮುಂಚೆ ನೆಲಕ್ಕೂ ಕಾಲಿಗೂ ಸೀಗೆಪುಡಿ ಹಾಕಿ ಸೊಸೆ ತೊಳೀಬೇಕು. ಹಂಡೆಯಿಂದ ಬಿಸಿನೀರು ತೋಡಿಕೊಳ್ಳೋದು ಮಾತ್ರ ಅವ್ರು ಬಿಟ್ರು, ಪಾದ ಮರಗಟ್ಟಿರೋರಿಗೆ ಸುಟ್ಟಿದ್ದೂ ಗೊತ್ತಾಗಲ್ಲ.

ಇಷ್ಟಾದ್ರೂ ಕಾಲಿಗೆ ಶಕ್ತಿ ಬರ್ದೇ ಇದ್ರೆ ಇದೆಲ್ಲ ಅರ್ಧ ಕೆಲ್ಸ. ವ್ಯಾಯಾಮಕ್ಕೆ ನಾನು ಆಧಾರ ಮಾಡ್ಕೊಂಡಿದ್ದು ನ್ಯೂಜಿಲೆಂಡಿನ ಒಟಾಗೋ ಯೂನಿವರ್ಸಿಟಿಯವರು 1990ರ ದಶಕದಲ್ಲಿ ಮಾಡಿದ ಕಾರ್ಯಕ್ರಮ, ಮನೇಲೇ ಮಾಡೋ ಕಾಲಿನ ಬಲ ಮತ್ತು ಬ್ಯಾಲೆನ್ಸ್ ವ್ಯಾಯಾಮ, ವಾರಕ್ಕೆ ಮೂರು ದಿನ, ಜೊತೆಗೆ ನಡಿಗೆ. ಅವರ ಪ್ರಯೋಗಗಳಲ್ಲಿ ಬೀಳೋದು 35 ಪರ್ಸೆಂಟ್ ಹತ್ರ ಕಮ್ಮಿ ಆಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ 65 ದಾಟಿದವರಿಗೆ ವಾರಕ್ಕೆ ಕನಿಷ್ಠ ಮೂರು ದಿನ ಬ್ಯಾಲೆನ್ಸ್ ಮತ್ತು ಬಲದ ವ್ಯಾಯಾಮ ಬೇಕು ಅಂತಲೇ. ಬರೀ ವಾಕಿಂಗ್ ಸಾಕು ಅನ್ನೋರು ತುಂಬ ಜನ, ವಾಕಿಂಗ್ ಹೃದಯಕ್ಕೆ ಶುಗರಿಗೆ ಒಳ್ಳೇದು, ಆದ್ರೆ ಬೀಳದೇ ಇರೋದಕ್ಕೆ ಅದೊಂದೇ ಸಾಲಲ್ಲ, ಇವರ ಥರ ನಿಲ್ಲೋಕೇ ಕಷ್ಟ ಇರೋರನ್ನ ವಾಕಿಂಗಿಗೆ ಮಾತ್ರ ಕಳಿಸಿದ್ರೆ ಬೀಳೋ ಅವಕಾಶವೇ ಜಾಸ್ತಿ.

ಶುರು ಮಾಡಿದ್ದು ಕುರ್ಚಿಯಿಂದ ಏಳೋದ್ರಿಂದ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರತ್ತೆ. ಮರದ ಕುರ್ಚಿ ಗೋಡೆಗೆ ತಾಗಿಸಿಟ್ಟು, ಮೇಲೆ ಕಂಬಳಿ ನಾಲ್ಕು ಮಡಿಕೆ ಮಾಡಿ ಹಾಕಿ ಎತ್ತರ ಮಾಡಿದ್ವಿ, ಎತ್ತರ ಆದ್ರೆ ಏಳೋದು ಸುಲಭ. ಐದು ಸಲ ಎದ್ದು ಕೂತು, ಸುಧಾರಿಸಿಕೊಂಡು ಮತ್ತೆ ಐದು. ಸುಲಭ ಅನ್ನಿಸಿದಾಗ ಒಂದು ಮಡಿಕೆ ತೆಗೆಯೋದು. ಈ ಕಂಬಳಿ ಲೆಕ್ಕ ಅಮ್ಮನಿಗೆ ತುಂಬ ಹಿಡಿಸ್ತು, ಇನ್ನೆಷ್ಟು ಮಡಿಕೆ ಉಳೀತು ಅನ್ನೋದು ಅವರ ಕಣ್ಣಿಗೇ ಕಾಣ್ತಿತ್ತು. ಆಮೇಲೆ ಅಡುಗೆಮನೆ ಕಟ್ಟೆ, ಒಲೆ ಇರೋ ಕಡೆ ಅಲ್ಲ ಇನ್ನೊಂದು ತುದಿ. ಅದನ್ನ ಹಿಡ್ಕೊಂಡು ತುದಿಗಾಲಲ್ಲಿ ಏಳೋದು, ಹಿಮ್ಮಡಿ ಮೇಲೆ ನಿಲ್ಲೋದು, ಕಟ್ಟೆ ಉದ್ದಕ್ಕೂ ಅಡ್ಡಡ್ಡ ನಡೆಯೋದು. ಪಾದ ಜೋಡಿಸಿ ನಿಲ್ಲೋದು, ಆಮೇಲೆ ಒಂದರ ಮುಂದೆ ಒಂದು, ಮೊದಲು ಎರಡೂ ಕೈ ಹಿಡಿದು, ಆಮೇಲೆ ಒಂದು ಕೈ, ಆಮೇಲೆ ಎರಡು ಬೆರಳು. ಮಂಡಿಗೆ ಬಲ ಬರೋಕೆ ಅರ್ಧ ಕೆಜಿ ಮರಳು ತುಂಬಿದ ಬಟ್ಟೆ ಚೀಲ ಕಾಲಿಗೆ ಕಟ್ಕೊಂಡು ಕೂತಲ್ಲಿಂದ ಕಾಲು ನೀಟೋದು, ಚೀಲ ಹೊಲಿದು ಕೊಟ್ಟಿದ್ದು ಮೊಮ್ಮಗಳು. ಎಲ್ಲಾ ಸೇರಿ ಅರ್ಧ ಗಂಟೆ, ಅದನ್ನೂ ಅವ್ರು ಬಿಡಿಬಿಡಿಯಾಗಿ ಮಾಡ್ತಿದ್ರು, ಸಂಜೆ ಧಾರಾವಾಹಿ ಮಧ್ಯೆ ಜಾಹೀರಾತು ಬಂದಾಗೆಲ್ಲ ಎದ್ದು ಕೂರೋದು. ಮೂಳೆ ಸವೆತ ಇರೋದ್ರಿಂದ ಮುಂದಕ್ಕೆ ಬಗ್ಗೋ ಆಸನ, ಬಗ್ಗಿ ಕೊಡಪಾನ ಎತ್ತೋದು, ಮೋಟು ಪೊರಕೇಲಿ ಸೊಂಟ ಬಗ್ಗಿಸಿ ಗುಡಿಸೋದು ಬೇಡ ಅಂದೆ, ಬೆನ್ನುಮೂಳೆ ಮುಂಭಾಗ ಕುಸಿಯೋದು ಅಂಥಾ ಹೊತ್ತಲ್ಲೇ. ಟಿವೀಲಿ ಬರೋ ಯೋಗ ನೋಡಿ ಮಾಡೋರು ಇದನ್ನ ದಯವಿಟ್ಟು ಗಮನಿಸಿ.

ಹಾಸಿಗೆಯಿಂದ ಏಳೋದಕ್ಕೂ ಒಂದು ಕ್ರಮ ಹಾಕಿಕೊಟ್ಟೆ. ಮಗ್ಗುಲಾಗಿ ಎದ್ದು ಮಂಚದ ಅಂಚಲ್ಲಿ ಕೂತು, ಪಾದ ಮೇಲೆ ಕೆಳಗೆ ಇಪ್ಪತ್ತು ಸಲ ಆಡಿಸಿ, ಲೈಟ್ ಹಾಕಿ, ಚಪ್ಪಲಿ ಮೆಟ್ಟಿ, ಎದ್ದು ನಿಂತು ಮಂಚ ಹಿಡಿದು ಒಂದರಿಂದ ಹತ್ತು ಎಣಿಸಿ, ಆಮೇಲೆ ಹೆಜ್ಜೆ. ಮೂತ್ರಕ್ಕೆ ಏಳ್ಬೇಕಾಗತ್ತೆ ಅಂತ ಮಧ್ಯಾಹ್ನದ ಮೇಲೆ ನೀರೇ ಕುಡೀತಿರ್ಲಿಲ್ಲ ಇವ್ರು, ಬಿಪಿ ಇಳಿಯೋಕೆ ಅದೂ ಸೇರ್ಕೊಂಡಿತ್ತು. ಬೆಳಿಗ್ಗೆಯಿಂದ ಸಂಜೆ ಒಳಗೆ ಚೆನ್ನಾಗಿ ಕುಡೀರಿ, ಮಲಗೋ ಮುಂಚಿನ ಎರಡು ಗಂಟೆ ಕಮ್ಮಿ ಮಾಡಿ ಅಂದೆ. ಏಕಾದಶಿ ಪೂರ್ತಿ ಉಪವಾಸ ಇರ್ತಿದ್ರು, ಶುಗರ್ ಮಾತ್ರೆ ತಗೊಂಡು. ಅದನ್ನ ಹಾಲು ಹಣ್ಣಿನ ಉಪವಾಸ ಮಾಡಿಸಿದ್ದು ನಾನಲ್ಲ, ಡಾಕ್ಟ್ರೂ ಅಲ್ಲ, ಅವರ ಮನೆ ಪುರೋಹಿತರು, ಔಷಧಿ ತಗೊಳ್ಳೋರಿಗೆ ನಿಯಮ ಸಡಿಲ ಅಂತ ಅವ್ರು ಒಂದು ಮಾತು ಹೇಳಿದ್ದೇ ಒಪ್ಪಿದ್ರು.

ಊಟ ಅಂದ್ರೆ ಬೆಳಿಗ್ಗೆ ಗಂಜಿ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಅದೇ, ಹಲ್ಲಿಲ್ಲ ಅಂತ ಕಾಳು ಬಿಟ್ಟಿದ್ರು. ಈ ವಯಸ್ಸಲ್ಲಿ ಮಾಂಸಖಂಡ ಉಳೀಬೇಕಂದ್ರೆ ಕೆಜಿ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು, ಇವರಿಗೆ 46ರಿಂದ 55 ಗ್ರಾಂ, ತಿಂತಿದ್ದಿದ್ದು ಅದರ ಅರ್ಧ ಇತ್ತೋ ಇಲ್ವೋ. ಕಿಡ್ನಿ ಸರಿ ಇದೆ ಅಂತ ಖಾತ್ರಿ ಮಾಡ್ಕೊಂಡೇ ಮುಂದೆ ಹೋಗಿದ್ದು. ಪ್ರೋಟೀನ್ ಪುಡಿ ಡಬ್ಬಿ ತರಿಸ್ಲಾ ಅಂತ ಮಗಳು ಕೇಳಿದ್ರು, ಬೇಡ ಅಂದೆ. ಹುರಳಿಕಾಳಲ್ಲಿ 100 ಗ್ರಾಂಗೆ 22 ಗ್ರಾಂ ಹತ್ರ ಇದೆ, ಅದನ್ನ ಬೇಯಿಸಿ ರುಬ್ಬಿ ಸಾರು, ಹೆಸರುಬೇಳೆ ಗಟ್ಟಿ ತೊವ್ವೆ, ಹುರಿಗಡಲೆ ಪುಡಿ ಮಾಡಿ ಗಂಜಿಗೆ, ದಿನಾ ಅರ್ಧ ಲೀಟರ್ ಹಾಲು ಮೊಸರು, ಮನೇಲೇ ಹಸು ಇದೆ. ರಾಗಿ ಸಾಗರದ ಕಡೆ ಅಷ್ಟು ಬಳಕೆ ಇಲ್ಲ, ಆದ್ರೂ ಸುಣ್ಣದಂಶ ಚೆನ್ನಾಗಿರೋದ್ರಿಂದ ವಾರದಲ್ಲಿ ಅರ್ಧದಷ್ಟು ದಿನ ಗಂಜಿ ರಾಗಿದು ಆಯ್ತು.

ಕಷ್ಟ ಆಗಿದ್ದು ಮನೆಯವರನ್ನ ಒಪ್ಪಿಸೋದು. ಬೆಂಗಳೂರಿನ ಮಗಳು ಫೋನಲ್ಲಿ ಅತ್ತೇ ಬಿಟ್ರು, ಮತ್ತೆ ಬಿದ್ರೆ ಯಾರು ಜವಾಬ್ದಾರಿ ಮೇಡಂ, ವೀಲ್‌ಚೇರ್ ತಗೊಂಡು ಒಬ್ರು ಆಯಾನ ಇಡ್ತೀವಿ ಅಂತ. ಅವರ ಭಯ ಸುಳ್ಳಲ್ಲ. ನಾನು ಹೇಳಿದ್ದು ಇಷ್ಟೇ, ಓಡಾಡಿದ್ರೆ ಬೀಳೋ ಅಪಾಯ ಇದೆ, ಕೂರಿಸಿದ್ರೆ ಆ ಅಪಾಯ ಹೋಗಲ್ಲ, ದಿನಾ ಬೆಳೆಯತ್ತೆ, ಯಾಕಂದ್ರೆ ಅವ್ರು ರಾತ್ರಿ ಎದ್ದೇ ಏಳ್ತಾರೆ, ಆಗ ಕಾಲಲ್ಲಿ ಶಕ್ತಿ ಇರಲ್ಲ. ಒಂದು ಪಟ್ಟಿ ಮಾಡಿದ್ವಿ, ಅಮ್ಮ ವಾಪಸ್ ತಗೊಳ್ಳೋ ಕೆಲ್ಸಗಳು ಯಾವುದು ಅಂತ. ಮೊದಲ ತಿಂಗಳು ತಮ್ಮ ನೀರು ತಾವೇ ಎದ್ದು ಕುಡಿಯೋದು, ಬಟ್ಟೆ ಮಡಚೋದು. ಎರಡನೇ ತಿಂಗಳು ಅಂಗಳದಲ್ಲಿ ಹೂ ಕೊಯ್ಯೋದು, ತುಳಸಿಕಟ್ಟೆ ಸುತ್ತೋದು, ಸೊಸೆ ಕಣ್ಣಳತೇಲಿ ಇರ್ಬೇಕು ಆದ್ರೆ ಕೈ ಹಿಡೀಬಾರದು. ಇದು ಸೊಸೆಗೇ ಜಾಸ್ತಿ ಕಷ್ಟ ಆಗಿದ್ದು, ಕೈ ತಾನಾಗೇ ಮುಂದೆ ಹೋಗತ್ತೆ ಅಂತಿದ್ರು. ಕೋಲು ಬೇಡ ಅಂತ ಹಠ ಮಾಡ್ತಿದ್ದ ಅಮ್ಮ ದೇವಸ್ಥಾನಕ್ಕೆ ಹೋಗೋಕೆ ಬೇಕಾಗತ್ತೆ ಅಂದಾಗ ಒಪ್ಪಿದ್ರು, ಮಣಿಕಟ್ಟಿನ ಮಟ್ಟಕ್ಕೆ ಕತ್ತರಿಸಿ, ತುದಿಗೆ ರಬ್ಬರ್ ಹಾಕಿ ಕೊಟ್ವಿ.

ಎರಡನೇ ತಿಂಗಳ ಕೊನೇಲಿ ನೆಲದಿಂದ ಏಳೋದು ಕಲಿಸಿದೆ, ಬಿದ್ದಾಗ ಗಂಟೆಗಟ್ಲೆ ನೆಲದ ಮೇಲಿರೋದೇ ಬೇರೆ ಬೇರೆ ತೊಂದ್ರೆ ತರತ್ತೆ. ಮೊದಲು ಗಡಿಬಿಡಿಯಿಂದ ಏಳ್ಬಾರದು, ಎಲ್ಲಿ ನೋವಿದೆ ನೋಡ್ಕೋಬೇಕು, ಸೊಂಟ ತೊಡೆ ವಿಪರೀತ ನೋವಿದ್ರೆ ಅಲ್ಲಾಡದೇ ಬೆಲ್ ಒತ್ತಬೇಕು, 108ಕ್ಕೆ ಫೋನ್. ಇಲ್ಲಾಂದ್ರೆ ಮಗ್ಗುಲಾಗಿ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬಂದು, ಗಟ್ಟಿ ಸ್ಟೂಲೋ ಮಂಚವೋ ಇರೋ ಕಡೆ ತೆವಳಿ, ಅದರ ಮೇಲೆ ಕೈ ಇಟ್ಟು, ಬಲ ಜಾಸ್ತಿ ಇರೋ ಕಾಲು ಮುಂದಿಟ್ಟು ಏಳೋದು. ಚಾಪೆ ಮೇಲೆ ಮಾಡಿಸಿದ್ವಿ. ಮೊದಲನೇ ಸಲ ಅವರಷ್ಟಕ್ಕೆ ಅವ್ರೇ ಎದ್ದಾಗ ಮನೇಲಿ ಎಲ್ಲರ ಮುಖ ಬದಲಾಯ್ತು, ಮಗಳ ವೀಲ್‌ಚೇರ್ ಮಾತು ಆಮೇಲೆ ಬರ್ಲಿಲ್ಲ.

ಹನ್ನೆರಡು ವಾರಕ್ಕೆ ಮತ್ತೆ ಅಳೆದೆ. ಮೂರು ಮೀಟರ್ ನಡಿಗೆ 21ರಿಂದ 14 ಸೆಕೆಂಡಿಗೆ ಬಂದಿತ್ತು, ಕೈ ಕಟ್ಕೊಂಡು ಏಳೋದು ಸೊನ್ನೆಯಿಂದ ಎಂಟು, ಪಾದ ಒಂದರ ಮುಂದೊಂದು ಇಟ್ಟು ನಿಲ್ಲೋದು ಪೂರ್ತಿ 10 ಸೆಕೆಂಡ್. ನಿಂತಾಗಿನ ಬಿಪಿ ಇಳಿತ 10ರ ಒಳಗೆ. ರಾತ್ರಿ ಏಳೋದು ಒಂದ್ಸಲ. 12 ಸೆಕೆಂಡಿನ ಗೆರೆ ಒಳಗೆ ಇನ್ನೂ ಬಂದಿಲ್ಲ, ಪಾದದ ಜೋಮು ಸ್ವಲ್ಪ ಕಮ್ಮಿ ಆಗಿದೆ ಅಷ್ಟೇ, ಪೂರ್ತಿ ಹೋಗತ್ತೆ ಅಂತ ನಾನು ಹೇಳಿಲ್ಲ. ಮಣಿಕಟ್ಟು ಹಿಟ್ಟು ಕಲಸೋ ಅಷ್ಟು ಬಗ್ಗತ್ತೆ.

ಈಗ ಬಲಗಣ್ಣಿನ ಪೊರೆ ಆಪರೇಷನ್ ಆಗಿದೆ, ಎಡಗಣ್ಣಿಂದು ಮಳೆಗಾಲಕ್ಕೆ ಮುಂಚೆ ಮಾಡಿಸೋದು ಅಂತ ನಿಗದಿ. 70 ದಾಟಿದವರಿಗೆ ಆಯುಷ್ಮಾನ್ ಕಾರ್ಡಲ್ಲಿ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಅಂತ 2024ರ ಅಕ್ಟೋಬರ್‌ನಲ್ಲಿ ಕೇಂದ್ರದವರು ಶುರು ಮಾಡಿದ್ದನ್ನ ಅವರಿಗೆ ಹೇಳಿದೀನಿ, ಕಾರ್ಡಿಗೆ ಓಡಾಡ್ತಿದಾರೆ. ಓದೋಕೂ ನಡೆಯೋಕೂ ಒಂದೇ ಕನ್ನಡಕ ಹಾಕ್ತಿದ್ರು, ಕೆಳಗಿನ ಅರ್ಧ ಓದೋ ಗಾಜು, ಮೆಟ್ಲು ಇಳಿಯುವಾಗ ಅದರಲ್ಲಿ ನೋಡಿದ್ರೆ ಮೆಟ್ಲೇ ಮಸುಕಾಗತ್ತೆ, ಹಾಗಾಗಿ ಎರಡನೇ ಆಪರೇಷನ್ ಆದ್ಮೇಲೆ ನಡೆಯೋಕೆ ಬೇರೆ ಕನ್ನಡಕ. ನಿದ್ದೆ ಮಾತ್ರೆ ಕಾಲು ಭಾಗಕ್ಕೆ ಇಳಿದಿದೆ, ಅಲ್ಲಿಂದ ಕೆಳಗೆ ನಿಧಾನ, ಕೆಲವು ರಾತ್ರಿ ನಿದ್ದೆ ಬರಲ್ಲ ಅಂತಾರೆ, ಡಾಕ್ಟ್ರು ಅವಸರ ಮಾಡ್ತಿಲ್ಲ. ಅಮ್ಮ ಕೇಳ್ತಿರೋದು ಮುಂದಿನ ಅಡಿಕೆ ಸುಲಿಯೋ ಕಾಲಕ್ಕೆ ಕೂರಬಹುದಾ ಅಂತ. ಬೆನ್ನಿಗೆ ಆಸರೆ ಇಟ್ಟು, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದು ಬರೋದಾದ್ರೆ ಕೂರಿ ಅಂದಿದೀನಿ.